ಹತ್ತು ಬೆರಳು, ಎರಡು ಕಣ್ಣು

ಏಳು ವರ್ಷದಲ್ಲಿ ಭೈರೇಶ ಒಂದು ಸಲವೂ ಮುನಿಗಂಗಮ್ಮನ ಬೆರಳು ಮುಟ್ಟಿರಲಿಲ್ಲ. ಮುಟ್ಟದೆ ಇರಲೆಂದೇ ಅವನ ಜೇಬಿನಲ್ಲಿ ಒಂದು ಪೆನ್ನು ಇರುತ್ತಿತ್ತು.

ಅವನು ರೋಜಾ ತೋಟದ ಸೂಪರ್‌ವೈಸರ್. ತೋಟ ಅಂದರೆ ಬೇಲಿ, ಬಾವಿ, ಮರದ ನೆರಳು ಅಂದುಕೊಳ್ಳಬೇಡಿ. ತಮಿಳುನಾಡಿನ ಹೊಸೂರು ಕಡೆ, ಸಾನಮಾವು ಕಾಡಿನ ಈಚೆಗೆ, ಬಿಳಿ ಪ್ಲಾಸ್ಟಿಕ್ ಹೊದ್ದುಕೊಂಡು ನಿಂತ ಹನ್ನೆರಡು ಗ್ರೀನ್‌ಹೌಸುಗಳು. ಒಳಗೆ ಸೆಖೆ ಕುದಿಯುತ್ತದೆ. ಅಲ್ಲಿ ಬೆಳೆದ ಹೂ ವಿಮಾನ ಹತ್ತುತ್ತದೆ. ಬೆಳೆದವರಿಗೆ ಒಂದು ಟೆಂಪೋ ಕೂಡ ಇಲ್ಲ. ಆನೆ ದಾಟುವ ದಾರಿಯಲ್ಲಿ ಗುಂಪು ಕಟ್ಟಿಕೊಂಡು, ಗಟ್ಟಿಯಾಗಿ ಮಾತಾಡಿಕೊಂಡು ನಡೆದು ಬರುತ್ತಾರೆ.

ಮೊದಲು ಹಾಜರಿಗೆ ಬೆರಳಿನ ಮಿಷನ್ ಇತ್ತು. ಊರೊಳಗಿನ ಹೆಂಗಸರು ಬಂದರೆ ಭೈರೇಶ "ಹಿಂಗಿಡಕ್ಕ, ವಸಿ ಒತ್ತು" ಎಂದು ತಾನೇ ಕೈ ಹಿಡಿದು ಇಡಿಸುತ್ತಿದ್ದ. ಊರ ಹೊರಗಿನ ಕಾಲೋನಿಯವರ ಸರದಿ ಬಂತೋ, ಪೆನ್ನು ಹೊರಗೆ ಬರುತ್ತಿತ್ತು. ಅದರ ಹಿಂಬದಿಯಿಂದ ಉಗುರಿನ ಮೇಲೆ ಒತ್ತುತ್ತಿದ್ದ. ಮುಳ್ಳು ಚುಚ್ಚಿ ಚುಚ್ಚಿ, ಔಷಧಿ ನೀರಿನಲ್ಲಿ ನೆನೆದು ನೆನೆದು ಸವೆದ ಬೆರಳಲ್ಲಿ ಗೆರೆ ಎಲ್ಲಿ ಉಳಿದಿರಬೇಕು? ಮಿಷನ್ ಕೆಂಪು ದೀಪ ತೋರಿಸುತ್ತಿತ್ತು. ಅವನು ಇನ್ನೂ ಜೋರಾಗಿ ಒತ್ತುತ್ತಿದ್ದ. ಉಗುರಿನ ಬುಡದಲ್ಲಿ ರಕ್ತ ಕಟ್ಟುತ್ತಿತ್ತು. ಅವರದ್ದೆಲ್ಲ ಮುಗಿದ ಮೇಲೆ ಸ್ಪಿರಿಟ್ ಹಾಕಿ ಮಿಷನ್ ಒರೆಸುತ್ತಿದ್ದ. ಕೊರೋನಾ ಕಾಲದಲ್ಲಿ ಕಲಿತ ಅಭ್ಯಾಸ ಎಂದು ಹೇಳಿಕೊಳ್ಳುತ್ತಿದ್ದ. ಊರವರು ಇಟ್ಟ ಮೇಲೆ ಯಾಕೆ ಒರೆಸಲ್ಲ ಅಂತ ಯಾರೂ ಕೇಳಲಿಲ್ಲ. ಕೇಳುವುದೇನು ಬಂತು, ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಮುಖ ನೋಡುವ ಫೋನು ಬಂತು. ಗೇಟಿನಲ್ಲಿ ನಿಂತು ತೋಳು ಚಾಚಿ ಹಿಡಿದರೆ ಸಾಕು, ಹಾಜರಿ ಬೀಳುತ್ತಿತ್ತು.

"ನಲವತ್ತೇಳು, ಮುಖ ಎತ್ತು."

ನಲವತ್ತೇಳು ಅಂದರೆ ಮುನಿಗಂಗಮ್ಮ. ಕೊರಳಲ್ಲಿ ನೇತು ಹಾಕಿದ ಟೋಕನ್ನಿನ ನಂಬರು ಅದು. ಅಪ್ಪ ಅಮ್ಮ ಇಟ್ಟ ಹೆಸರು ಅವನ ಬಾಯಿಗೆ ಒಂದು ದಿನವೂ ಬಂದಿರಲಿಲ್ಲ. ಮುಖದ ಫೋನು ಬಂದ ಮೇಲೆ ಅವನು ನೆಮ್ಮದಿಯಾಗಿದ್ದ. ಪೆನ್ನೂ ಬೇಡ, ಸ್ಪಿರಿಟ್ಟೂ ಬೇಡ. ಕಾಲ ಮುಂದುವರಿದಿದೆ ಅನ್ನುತ್ತಾರಲ್ಲ, ನಮ್ಮ ಕಡೆ ಹೀಗೆ ಮುಂದುವರಿದಿತ್ತು.

ಮುನಿಗಂಗಮ್ಮನ ಮಗಳು ಸಿಂಧು ಹೊಸೂರಿನ ಆಚೆ ಫೋನು ಜೋಡಿಸುವ ಫ್ಯಾಕ್ಟರಿಯಲ್ಲಿದ್ದಳು. ಸಾಲಾಗಿ ಬರುವ ಹೊಸ ಫೋನಿಗೆ ಬೆರಳು ಇಟ್ಟು ನೋಡುವುದು, ಮುಖ ತೋರಿಸಿ ನೋಡುವುದು, ಮುಂದಕ್ಕೆ ತಳ್ಳುವುದು. ಪಾಳಿ ಮುಗಿಯುವ ಹೊತ್ತಿಗೆ ಬೆರಳ ತುದಿ ಜೋಮು ಹಿಡಿಯುತ್ತಿತ್ತು. ದೀಪಾವಳಿಗೆ ಅವಳು ತನ್ನ ಹಳೇ ಫೋನನ್ನು ಅಮ್ಮನಿಗೆ ಕೊಟ್ಟು, ಬೀಗ ಹಾಕಿಕೊಡಲು ಕೂತಳು. ಅದರಲ್ಲಿ ಸಿಂಧುವಿನ ಬೆರಳು ಮೊದಲೇ ಇತ್ತು. ಅಮ್ಮನದನ್ನೂ ಸೇರಿಸೋಣವೆಂದು ಒಂದೊಂದೇ ಬೆರಳು ಇಡಿಸಿದಳು. ಹತ್ತಕ್ಕೆ ಹತ್ತೂ ಆಗಲಿಲ್ಲ. ಬೆರಳು ಒರೆಸಿ ಮತ್ತೆ ಇಡಿ ಎಂದು ಫೋನು ಹೇಳುತ್ತಲೇ ಹೋಯಿತು.

"ರೇಷನ್ ಅಂಗಡೀಲೂ ಹಿಂಗೇ ಅಂತದೆ ಮುಂಡೇದು. ಒರ್ಸಿದ್ರೆ ಹೋಗಕ್ಕೆ ಇದೇನು ಮಸಿನಾ?" ಎಂದಳು ಮುನಿಗಂಗಮ್ಮ.

"ಬಿಡಮ್ಮೋ. ಬೆರಳು ಬ್ಯಾಡ, ಮುಖ ಇಡಾನ."

"ಮುಖ ಬೀದೀಲಿ ಹೋಗೋರಿಗೆಲ್ಲ ಕಾಣ್ತದೆ. ಎಲ್ರಿಗೂ ಕಾಣೋದು ಬೀಗ ಹೆಂಗಾತದೆ? ಬೆರಳಾದ್ರೆ ಮುಷ್ಟೀಲಿ ಮುಚ್ಕಬೋದು. ಮುಖಾನ ಎಲ್ಲಿ ಬಚ್ಚಿಡ್ಲಿ?"

ಸಿಂಧುವಿಗೆ ನಗು ಬಂತು. ಹಾಗೆ ನೋಡಿದರೆ ಫ್ಯಾಕ್ಟರಿಯಲ್ಲಿ ಇಂಜಿನಿಯರುಗಳು ದಿನವಿಡೀ ಆಡುವ ಮಾತೂ ಅದೇ. "ಮುಖ ಬಚ್ಚಿಡೋದು ಬ್ಯಾಡ, ಕಣ್ಣು ಮುಚ್ಚಿದ್ರೆ ಸಾಕು. ಕಣ್ಣು ಬಿಡ್ದಿದ್ರೆ ತಗೀಬ್ಯಾಡ ಅಂತ ಇದಕ್ಕೆ ಹೇಳಿಟ್ಟಿದ್ದೀನಿ. ನೀನು ಮಲಗಿದ್ದಾಗ ಯಾರಾನ ತಂದು ಮುಖಕ್ಕೆ ಹಿಡಿದ್ರೆ? ಐದು ಸಲ ಕಣ್ಣು ಮುಚ್ಕೊಂಡೇ ಇದ್ರೆ ಇದು ಮುಖಾನೇ ಬಿಟ್ಟುಬುಟ್ಟು ನಂಬರ್ ಕೇಳ್ತದೆ. ಆಮ್ಯಾಕೆ ನೀನು ಕಣ್ಣರಳಿಸ್ಕೊಂಡು ಕುಂತ್ರೂ ತಗಿಯಲ್ಲ."

"ನಂಬರ್ ಯಾವ್ದಿಡ್ತೀಯ?"

"ನೀನು ಹೇಳು. ನಾಕು ಅಂಕಿ."

ಮುನಿಗಂಗಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನೋಡಿದ ಕೂಡಲೆ ಗುರುತು ಹತ್ತುತ್ತಿದ್ದ ಅಂಕಿ ಎರಡೇ, ದಿನಾ ಕೊರಳಲ್ಲಿ ತೂಗುವ ನಾಲ್ಕು ಮತ್ತು ಏಳು. ಟೋಕನ್ ಎತ್ತಿ ತೋರಿಸಿದಳು. "ಇದ್ನೇ ಎರಡು ಸಲ ಇಡು."

"ಅಯ್ಯೋ, ಅದು ನಿಮ್ ಸೂಪರ್‌ವೈಸರ್ ದಿನಾ ಅರಚೋ ನಂಬರ್ ಅಲ್ವೇನಮ್ಮ!"

"ಅರಚ್ಲಿ ಬಿಡು. ಅವ್ನ ಬಾಯಿಂದ ಬಂದಿದ್ರಾಗೆ ನಂಗೆ ಉಪಯೋಗಕ್ಕೆ ಬಂದಿದ್ದು ಅದೊಂದೇ."

ಫೆಬ್ರವರಿ ಎರಡನೇ ವಾರ. ಎಲ್ಲೋ ಯಾರೋ ಯಾರಿಗೋ ಪ್ರೀತಿಯಿಂದ ರೋಜಾ ಕೊಡುವ ದಿನ ಹತ್ತಿರ ಬಂದಿತ್ತು. ಇಲ್ಲಿ ಊಟಕ್ಕೆ ಹತ್ತು ನಿಮಿಷ. ಮೊಗ್ಗು ಬಿಗಿಯಾಗಿರುವಾಗಲೇ ಕತ್ತರಿಸಬೇಕು, ಉದ್ದ ನೋಡಿ ಬೇರೆ ಮಾಡಬೇಕು, ಕಟ್ಟಬೇಕು, ಕೋಲ್ಡ್ ರೂಮಿಗೆ ದೂಡಬೇಕು. ಅರಳಿತೋ, ಅದು ಕಸ. ಮಧ್ಯಾಹ್ನ ಹನ್ನೆರಡಕ್ಕೆ ವ್ಯಾನು ಹೊರಡಲೇಬೇಕು, ಇಲ್ಲದಿದ್ದರೆ ವಿಮಾನ ತಪ್ಪುತ್ತದೆ.

ಔಷಧಿ ಹೊಡೆಯುವಾಗ ಒಳಗೆ ಯಾರೂ ಇರಬಾರದು. ಹೊಡೆದ ದಿನ ಒಳಗೆ ಕಾಲಿಡಬಾರದು. ಇದು ಬಾಗಿಲ ಮೇಲೆ ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಬರೆದಿದೆ, ತಲೆಬುರುಡೆ ಚಿತ್ರದ ಸಮೇತ. ಆವತ್ತು ಬೆಳಿಗ್ಗೆ ಎಂಟು ಗಂಟೆಗೆ ಒಂಬತ್ತನೇ ಗ್ರೀನ್‌ಹೌಸಿನ ಆ ತುದಿಯಲ್ಲಿ ಔಷಧಿ ಹೊಡೆಯುತ್ತಿದ್ದರು, ಈ ತುದಿಯಲ್ಲಿ ಹೆಂಗಸರು ಹೂ ಕತ್ತರಿಸುತ್ತಿದ್ದರು. ಹೊಡೆಯುವವರಿಗೆ ಮುಖವಾಡ ಇತ್ತು. ಕತ್ತರಿಸುವವರಿಗೆ ಸೆರಗಿತ್ತು.

ಉಷಾರಾಣಿ ಮುನಿಗಂಗಮ್ಮನ ತಂಗಿಯ ಮಗಳು. ಇಪ್ಪತ್ತೆರಡು ವರ್ಷ. ಮದುವೆಯಾಗಿ ಮೂರು ತಿಂಗಳು, ಕೊರಳ ದಾರದ ಅರಿಸಿನ ಇನ್ನೂ ಮಾಸಿರಲಿಲ್ಲ. ಒಂಬತ್ತು ಗಂಟೆಗೆ "ದೊಡ್ಡಮ್ಮ, ಕಣ್ಣು ಮಂಜಾಗ್ತೈತೆ" ಅಂದಳು. ಅಂದವಳು ವಾಂತಿ ಮಾಡಿಕೊಂಡು ಸಾಲಿನ ನಡುವೆ ಬಿದ್ದಳು. ಮೈಯೆಲ್ಲ ಬೆವರು, ತೊಡೆಯಲ್ಲಿ ನಡುಕ. ಮುನಿಗಂಗಮ್ಮ ಅವಳ ರೆಪ್ಪೆ ಬಿಡಿಸಿ ನೋಡಿದಳು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು.

ಜೀಪು ಬಂತು. ಭೈರೇಶ ಡ್ರೈವರನ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಊಟ ಮಾಡ್ದೆ ಬಂದಿದ್ಲು, ಬಿಸಿಲು ಹತ್ತಿದೆ ಅಂತ ಹೇಳು. ಔಷಧಿ ಗಿಷಧಿ ಅಂತ ಬಾಯಿ ಬಿಟ್ಟೀಯ, ಹುಷಾರ್." ದೊಡ್ಡಮ್ಮನನ್ನು ಜೀಪು ಹತ್ತಲು ಬಿಡಲಿಲ್ಲ. ನಡಿ, ಶೆಡ್ಡಿನಲ್ಲಿ ಹೂ ಕಟ್ಟೋರಿಲ್ಲ ಅಂದ.

ಫೋನುಗಳನ್ನು ಗೇಟಿನ ತಗಡಿನ ಡಬ್ಬದಲ್ಲಿ ಹಾಕಿ ಒಳಗೆ ಬರಬೇಕೆಂಬ ಕಾನೂನು ಇತ್ತು. ಮುನಿಗಂಗಮ್ಮ ತನ್ನದನ್ನು ಎಲೆಅಡಿಕೆ ಚೀಲದಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿದ್ದಳು. ಆ ಚೀಲಕ್ಕೆ ಭೈರೇಶ ಕೈ ಹಾಕುವವನಲ್ಲ. ಮಡಿಯಿಂದ ಒಬ್ಬೊಬ್ಬರಿಗೆ ಒಂದೊಂದು ಲಾಭ. ಹತ್ತು ಗಂಟೆ ದಾಟಿದ ಮೇಲೆ ಸೊಂಟದಲ್ಲಿ ಫೋನು ನಡುಗಿತು. ಅವಳು ಶೆಡ್ಡಿನ ಹಿಂದಿನ ನೀರಿನ ತೊಟ್ಟಿಯ ಮರೆಗೆ ಹೋಗಿ ಕಿವಿಗೆ ಹಿಡಿದಳು. ಸಿಂಧು. ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳು ಸುದ್ದಿ ಕೇಳಿ ಆಸ್ಪತ್ರೆಗೆ ಓಡಿದ್ದಳು.

"ಅಮ್ಮ, ಉಷಕ್ಕನ ಬಾಯಲ್ಲಿ ನೊರೆ ಬತ್ತೈತೆ. ಯಾವ ಔಷಧಿ ಹೊಡ್ದ್ರು ಅಂತ ಡಾಕ್ಟ್ರು ಕೇಳ್ತಾವ್ರೆ. ಈ ಡ್ರೈವರ್ ನನ್ಮಗ ಔಷಧೀನೇ ಹೊಡ್ದಿಲ್ಲ ಅಂತವ್ನೆ. ಡಬ್ಬದ ಮ್ಯಾಲೆ ಹೆಸರಿರ್ತದಲ್ಲ, ಅದ್ರ ಫೋಟೋ ಹೊಡ್ದು ಕಳ್ಸು. ಬಿರ್ರನೆ ಕಣಮ್ಮ. ಹೊತ್ತಾದ್ರೆ ಕೈಗೆ ಸಿಗಲ್ಲ ಅಂತವ್ರೆ."

ಮುನಿಗಂಗಮ್ಮ ಓಡಿದಳು. ಔಷಧಿ ಕಲಸುವ ಕೋಣೆಯ ಬಾಗಿಲಲ್ಲಿ ಇಬ್ಬರು ಆಳುಗಳು ಖಾಲಿ ಡಬ್ಬಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು. ಆಚೆ ಗುಂಡಿ ಆಗಲೇ ತೋಡಿತ್ತು. ಅವಳು ಒಂದು ಡಬ್ಬ ಕಿತ್ತುಕೊಂಡು ನೆಲಕ್ಕಿಟ್ಟು, ಫೋನಿಗೆ ಮುಖ ತೋರಿಸಿ ತೆಗೆದು, ಎರಡು ಫೋಟೋ ಹೊಡೆದಳು. ಅಕ್ಷರ ಓದಲು ಬರುತ್ತಿರಲಿಲ್ಲ. ಓದಲು ಬಂದಿದ್ದರೆ ಆ ಹೆಸರು ಒಂದನ್ನೇ ಬಾಯಲ್ಲಿ ಹೇಳಿ ಮುಗಿಸುತ್ತಿದ್ದಳು. ಕೋಣೆಯ ತಗಡಿನ ಕೆಳಗೆ ಸಿಗ್ನಲ್ ಇರಲಿಲ್ಲ. ಗೇಟಿನ ಬೇವಿನ ಮರದ ಹತ್ತಿರ ಹೋದರೆ ಸಿಗುತ್ತದೆ. ತಿರುಗಿದಳು. ಎದುರಿಗೆ ಭೈರೇಶ.

"ಏನ್ ಅದು? ಏನ್ ಹೊಡ್ದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನ ಕಣ್ಣು ಮೊದಲು ಹೋದದ್ದು ಡಬ್ಬದ ಕಡೆಗೆ. ಅವಳು ಫೋನಿನ ಬದಿಯ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು. ಅವನು ಜೇಬಿನ ಕರ್ಚೀಫು ತೆಗೆದು, ಅದನ್ನು ಕೈಗೆ ಸುತ್ತಿಕೊಂಡು, ಫೋನನ್ನು ಕಿತ್ತುಕೊಂಡ. ಅವಸರದಲ್ಲೂ ಕರ್ಚೀಫು ಮರೆಯಲಿಲ್ಲ ನೋಡಿ.

ಡಬ್ಬಗಳು ಗುಂಡಿಗೆ ಬಿದ್ದವು. ಮೇಲೆ ಮಣ್ಣು ಬಿತ್ತು. ಇನ್ನು ಆ ಹೆಸರು ಉಳಿದದ್ದು ಫೋನಿನ ಒಳಗೆ ಮಾತ್ರ.

ಬೆಂಗಳೂರಿನಲ್ಲಿದ್ದ ಓನರಿಗೆ ಭೈರೇಶ ಫೋನು ಮಾಡಿದ. ಆ ಕಡೆಯ ದನಿ ಹೊರಗೂ ಕೇಳುವಷ್ಟು ಜೋರಾಗಿತ್ತು. ಯಾರಿಗೆ ಕಳಿಸಿದ್ದಾಳೆ ನೋಡು. ಎಲ್ಲ ಅಳಿಸಿ ವಾಪಸ್ ಕೊಡು. ಫೋನು ಒಡೆದು ಗಿಡೆದು ಹಾಕಬೇಡ, ಅದೊಂದು ಕೇಸು ಆಗುತ್ತೆ.

ಅವನು ಅವಳನ್ನು ಹೂ ಕಟ್ಟುವ ಶೆಡ್ಡಿಗೆ ಕರೆತಂದ. ಅಲ್ಲಿ ಉದ್ದನೆಯ ಮೇಜುಗಳ ಎರಡೂ ಕಡೆ ಮೂವತ್ತು ಹೆಂಗಸರು ನಿಂತೇ ಕೆಲಸ ಮಾಡುತ್ತಿದ್ದರು. ಎಲ್ಲರ ಎದುರಿಗೆ ಹೆದರಿಸಿದರೆ ಎಲ್ಲರಿಗೂ ಬುದ್ಧಿ ಬರುತ್ತದೆ ಎಂಬ ಲೆಕ್ಕಾಚಾರ ಅವನದು.

"ತೆಗಿ ಇದನ್ನ."

"ತಗಿಯಲ್ಲ ಸಾರ್. ನನ್ ಫೋನು ಕೊಡಿ. ಮಗು ಸಾಯ್ತಾ ಐತೆ."

"ಬೆರಳು ಇಡು. ಹೆಬ್ಬೆಟ್ಟಿನ ಜನ ತಾನೆ ನೀವು, ಇಡು ಹೆಬ್ಬೆಟ್ಟು."

ಅವಳು ಎರಡೂ ಕೈ ಮುಷ್ಟಿ ಮಾಡಿಕೊಂಡಳು. ಪೆನ್ನಿನಿಂದ ಆಗುವ ಕೆಲಸವಲ್ಲ ಇದು. ಬೆರಳು ನೋಡುವ ಜಾಗ ಫೋನಿನ ಬದಿಯಲ್ಲಿ, ಹುಣಸೆ ಬೀಜದಷ್ಟು. ಮುಷ್ಟಿ ಬಿಡಿಸಬೇಕು, ಕೈ ಹಿಡಿಯಬೇಕು, ಬೆರಳು ಆರಿಸಿ ಇಡಬೇಕು. ಭೈರೇಶ ಸುತ್ತ ನೋಡಿದ. ಊರೊಳಗಿನ ಲಕ್ಷ್ಮಿದೇವಮ್ಮ ಹತ್ತಿರದಲ್ಲಿದ್ದಳು.

"ಲಕ್ಷ್ಮಿದೇವಕ್ಕ, ಬಾ ಇಲ್ಲಿ. ಇವಳ ಕೈ ಹಿಡ್ಕೊ."

ಲಕ್ಷ್ಮಿದೇವಮ್ಮ ತಲೆ ಎತ್ತಲಿಲ್ಲ. "ನನ್ ಕೈಲಿ ಹೂ ಐತೆ ಸಾರ್," ಅಂದಳು.

ಅವನು ಕರ್ಚೀಫು ಜೇಬಿಗೆ ತುರುಕಿ, ತಾನೇ ಮುನಿಗಂಗಮ್ಮನ ಬಲಗೈ ಹಿಡಿದ.

ಏಳು ವರ್ಷದ ಮಡಿ ಹೋಯಿತು. ನೀರು ಕೊಡುವಾಗ ಮೇಲಿನಿಂದ ಹುಯ್ದ ಕೈ, ಕತ್ತರಿ ಕೊಡುವಾಗ ಅರ್ಧ ಅಡಿ ಮೇಲಿನಿಂದ ಬೀಳಿಸಿದ ಕೈ, ಈಗ ಬೆವರುತ್ತಾ ಅವಳ ಬೆರಳನ್ನು ಒಂದೊಂದಾಗಿ ಬಿಡಿಸುತ್ತಿತ್ತು. ಅವನ ಅಂಗೈ ಮೆತ್ತಗಿತ್ತು. ಗೀರಿಲ್ಲ, ಬೊಬ್ಬೆಯಿಲ್ಲ. ಅವಳು ಮುಖ ಆಚೆಗೆ ತಿರುಗಿಸಿದಳು. ಅಸಹ್ಯ ಅವರಿಗೆ ಮಾತ್ರ ಆಗುವುದು ಅಂತ ಯಾರು ಹೇಳಿದ್ದು?

ಹೆಬ್ಬೆಟ್ಟು ಇಟ್ಟ. ಫೋನು ಗುರ್ ಎಂದು ನಡುಗಿತು, ತೆಗೆಯಲಿಲ್ಲ. ತೋರುಬೆರಳು. ಇಲ್ಲ. ನಡುಬೆರಳು. ಇಲ್ಲ. ಮೇಜಿನ ಆ ತುದಿಯಿಂದ ಒಂದು ಮುದಿ ದನಿ ಎಣಿಸತೊಡಗಿತು. ಭದ್ರಮ್ಮ. ಕಾಲೋನಿಯ ಹಿರಿಯಳು, ಈ ತೋಟದ ಮೊದಲ ಗಿಡ ನೆಟ್ಟವಳು.

"ನಾಕು... ಐದು."

ಐದಾದ ಮೇಲೆ ಫೋನು ಅರ್ಧ ನಿಮಿಷ ಕಾಯಿರಿ ಅಂತು. ಆ ಅರ್ಧ ನಿಮಿಷವೂ ಅವನು ಅವಳ ಮಣಿಕಟ್ಟು ಹಿಡಿದುಕೊಂಡೇ ಕಾದ. ಬಿಟ್ಟರೆ ಮತ್ತೆ ಮುಷ್ಟಿ ಕಟ್ಟುತ್ತಾಳೆ. ಆಮೇಲೆ ಎಡಗೈ. ಆರು, ಏಳು, ಎಂಟು.

"ಹತ್ತು," ಅಂದಳು ಭದ್ರಮ್ಮ. "ಹತ್ತೂ ಮುಟ್ಟುಬುಟ್ರಲ್ಲ ಸಾರ್! ಮನೆಗೋಗಿ ತಲೆ ಮ್ಯಾಲೆ ನೀರು ಹುಯ್ಕಬೇಕಲ್ಲ ಪಾಪ!"

ಯಾರೋ ಕಿಸಕ್ಕೆಂದರು. ಮುನಿಗಂಗಮ್ಮ ಬಲಗಾಲನ್ನು ಮುಂದಕ್ಕೆ ಚಾಚಿದಳು. ಮಣ್ಣು ಮೆತ್ತಿದ ಒಡೆದ ಹಿಮ್ಮಡಿ.

"ಕಾಲ್ಬೆರಳೂ ಹತ್ತು ಅವೆ. ಮುಟ್ತೀಯಾ?"

ಭೈರೇಶನ ಮುಖ ಇಂಗು ತಿಂದ ಮಂಗನಂತಾಯಿತು. ಆಗ ಅವನಿಗೆ ಗೇಟಿನ ಹಾಜರಿ ನೆನಪಾಯಿತು. "ಹೌದಲ್ಲ, ಮುಖ," ಅಂದ. ಫೋನು ಎತ್ತಿ ಅವಳ ಮುಖಕ್ಕೆ ಹಿಡಿದ.

ಅವಳು ಕಣ್ಣು ಮುಚ್ಚಿದಳು.

ಒಂದು, ಎಂದು ಮನಸ್ಸಿನಲ್ಲೇ ಎಣಿಸಿದಳು. ಐದು ಸಲ ಅಂದಿದ್ದಳು ಸಿಂಧು. ಐದು ಸಲ ತಡೆದುಕೊಂಡರೆ ಈ ಮುಖ ಯಾರ ಕೈಗೂ ಸಿಗುವುದಿಲ್ಲ.

"ಕಣ್ಣು ಬಿಡು."

ಬಿಡಲಿಲ್ಲ. ಎರಡು. ಕತ್ತಲಲ್ಲಿ ಕಿವಿ ಚುರುಕಾಯಿತು. ಕತ್ತರಿಗಳ ಸದ್ದು ನಿಂತಿತ್ತು. ಹೊರಗೆ ವ್ಯಾನಿನ ಡ್ರೈವರ್ ಹಾರ್ನ್ ಒತ್ತುತ್ತಿದ್ದ.

"ನಾಳೆಯಿಂದ ಗೇಟಿನ ಹತ್ರ ಬರಂಗಿಲ್ಲ ನೀನು. ನಿನ್ ಕಾಲೋನಿ ಒಬ್ಬಳೂ ಬರಂಗಿಲ್ಲ. ಬಿಡು ಕಣ್ಣು!"

ಮೂರು. ರೆಪ್ಪೆ ನಡುಗಿತು. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳು. ಅವನ ಹೆಬ್ಬೆರಳು ಬಂದು ರೆಪ್ಪೆಯ ಮೇಲೆ ಕೂತಿತು. ಮೇಲಕ್ಕೆ ಎಳೆದ. ಉರಿ ಚುಚ್ಚಿತು, ನೀರು ಇಳಿಯಿತು. ಬೆಳಿಗ್ಗೆ ತಾನೂ ಹೀಗೇ ಉಷಾರಾಣಿಯ ರೆಪ್ಪೆ ಬಿಡಿಸಿದ್ದು ನೆನಪಾಯಿತು. ಅಲ್ಲಿ ಸಾಸಿವೆ ಕಾಳಿನಷ್ಟು ಕಂಡ ಪಾಪೆ. ಅವಳು ಗುಡ್ಡೆಯನ್ನು ಮೇಲಕ್ಕೆ ಹೊರಳಿಸಿದಳು, ಇನ್ನೊಂದು ಕಣ್ಣನ್ನು ಹಲ್ಲು ಕಚ್ಚಿದ ಹಾಗೆ ಕಚ್ಚಿ ಹಿಡಿದಳು. ಫೋನಿಗೆ ಕಂಡದ್ದು ಬರೀ ಬಿಳುಪು. ನಾಲ್ಕು.

ಅವಳು ತಲೆ ಕೊಡವಿ ಅವನ ಕೈ ತಪ್ಪಿಸಿಕೊಂಡಳು. ಹಿಂದಕ್ಕೆ ಸರಿಯಲಿಲ್ಲ. ಕಣ್ಣು ಬಿಗಿ ಮುಚ್ಚಿಕೊಂಡು, ಗಲ್ಲ ಎತ್ತಿ, ತಾನೇ ಮುಖ ಮುಂದಕ್ಕೆ ತಂದಳು.

"ಹಿಡಿ ಸಾರ್. ಇನ್ನೊಂದ್ ಸಲ ಹಿಡಿ."

ಹಿಡಿದ. ಐದು.

"ಇದೇನಿದು, ನಂಬರ್ ಕೇಳ್ತೈತೆ," ಅಂದ ಭೈರೇಶ.

ಮುನಿಗಂಗಮ್ಮ ಕಣ್ಣು ಬಿಟ್ಟಳು. ಅಗಲವಾಗಿ ಬಿಟ್ಟಳು. ಫೋನನ್ನೂ ಅದರ ಹಿಂದಿನ ಅವನನ್ನೂ ನೇರವಾಗಿ ನೋಡಿದಳು. ಏಳು ವರ್ಷ ಅವನ ಎದುರು ಅವಳು ನೆಲ ನೋಡಿಯೇ ಮಾತಾಡಿದ್ದಳು.

"ಈಗ ತೋರ್ಸು. ಕಣ್ಣು ಬಿಟ್ಟಿವ್ನಿ. ಎಷ್ಟು ಹೊತ್ತು ಬೇಕಾದ್ರೂ ತೋರ್ಸು."

ಫೋನು ತೆಗೆಯಲಿಲ್ಲ. ನಂಬರು ಕೇಳಿತು.

"ನಂಬರ್ ಹೇಳು! ಏಯ್ ನಲವತ್ತೇಳು, ನಿನಗೆ ಹೇಳ್ತಿರೋದು! ನಂಬರ್ ಹೇಳು! ನಲವತ್ತೇಳು!"

ಎರಡು ಸಲ ಕೂಗಿದ. ಬೇಕಾದದ್ದು ಅಷ್ಟೇ. ಕಾಲೋನಿಯ ಹೆಂಗಸರಲ್ಲಿ ಅರ್ಧ ಜನಕ್ಕೆ ಗುಟ್ಟು ಗೊತ್ತಿತ್ತು. ಮುನಿಗಂಗಮ್ಮ ತುಟಿ ಕಚ್ಚಿ ಹಿಡಿದಳು. ನಗು ಬಂದರೆ ಕೆಟ್ಟಿತು.

"ನಂಗೂ ಒಂದು ಹೆಸರೈತೆ," ಅಂದಳು. "ಅದ್ರಾಗೆ ಕರೆದು ಕೇಳು. ಆಗ್ಲೂ ಹೇಳಲ್ಲ, ಆದ್ರೆ ಹೆಸರಿಡ್ದು ಕೇಳು."

ಅವನು ಫೋನನ್ನು ತನ್ನ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. "ಇದು ನನ್ ಹತ್ರಾನೇ ಇರ್ಲಿ. ಸಾಯಂಕಾಲ ನೋಡಾನ. ಎಲ್ರೂ ಕೆಲ್ಸ ನೋಡ್ರಿ!"

ಸಾಯಂಕಾಲ. ಸಾಯಂಕಾಲದವರೆಗೆ ಉಷಾರಾಣಿ ಕಾಯಬೇಕಿತ್ತು. ಮುನಿಗಂಗಮ್ಮನಿಗೆ ಎದೆ ಒಡೆದು ಹೋಯಿತು. ಗೆದ್ದೆ ಅಂದುಕೊಂಡಿದ್ದಳು. ಬೀಗ ಗೆದ್ದಿತ್ತು, ಫೋನು ಹೋಗಿತ್ತು. ಅವಳು ಮೇಜುಗಳ ಕಡೆ ತಿರುಗಿದಳು.

"ನಮ್ಮುಡುಗಿ ಆಸ್ಪತ್ರೇಲಿ ನೊರೆ ಕಾರ್ತಾವ್ಳೆ. ಯಾವ ವಿಷ ಅಂತ ಡಾಕ್ಟ್ರು ಕೇಳ್ತಾವ್ರೆ. ಅದ್ರ ಹೆಸರು ಅವ್ನ ಜೇಬಲ್ಲೈತೆ. ನಾಳೆ ನಿಮ್ಮಲ್ಲಿ ಯಾರು ಬೀಳ್ತೀರೋ ನಂಗೆ ಗೊತ್ತಿಲ್ಲ."

ಭದ್ರಮ್ಮ ಕೈಯಲ್ಲಿದ್ದ ರೋಜಾಗಳನ್ನು ಮೇಜಿನ ಮೇಲೆ ಇಟ್ಟಳು. ಕತ್ತರಿಯನ್ನು ಪಕ್ಕಕ್ಕೆ ಇಟ್ಟಳು. ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡು ಕಣ್ಣು ಮುಚ್ಚಿದಳು.

"ಏನಜ್ಜಿ ಇದು ನಾಟಕ?"

"ಕಣ್ಣು ಕಾಣ್ತಿಲ್ಲ ಸಾರ್. ಮೊಗ್ಗು ಯಾವ್ದು, ಅರಳಿದ್ದು ಯಾವ್ದು, ಒಂದೂ ಗೊತ್ತಾಗ್ವಲ್ದು."

ಪಕ್ಕದವಳು ಕತ್ತರಿ ಇಟ್ಟಳು. ಕಣ್ಣು ಮುಚ್ಚಿದಳು. ಅವಳ ಪಕ್ಕದವಳು. ಮೇಜಿನ ಉದ್ದಕ್ಕೂ ಕತ್ತರಿ ಇಡುವ ಸದ್ದು ಟಕ್ ಟಕ್ ಎಂದು ಹೋಯಿತು. ಹೂವಿನ ಕೆಲಸ ಅರ್ಧ ಕೈಯದು, ಅರ್ಧ ಕಣ್ಣಿನದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಇಷ್ಟು ವರ್ಷ ಕಂಪನಿಯೊಂದೇ ಕಣ್ಣು ಮುಚ್ಚಿಕೊಂಡಿತ್ತು. ಈಗ ಇವರ ಸರದಿ. ಲಕ್ಷ್ಮಿದೇವಮ್ಮ ಕೊನೆಯವಳಾಗಿ ನಿಂತಿದ್ದಳು. ಭೈರೇಶ ಅವಳನ್ನೇ ನೋಡುತ್ತಿದ್ದ. ಅವಳು ಕೈಯಲ್ಲಿದ್ದ ಹೂವನ್ನು ಕೆಳಗಿಟ್ಟು, ಕಣ್ಣು ಮುಚ್ಚಿದಳು.

ಮೂವತ್ತು ಹೆಂಗಸರು ಕಣ್ಣು ಮುಚ್ಚಿ ನಿಂತರು. ಮೇಜಿನ ಮೇಲೆ, ಬಕೆಟ್ಟುಗಳಲ್ಲಿ, ನೆಲದ ಮೇಲೆ ಸಾವಿರಾರು ರೋಜಾ. ತಗಡಿನ ಮೇಲೆ ಹನ್ನೊಂದು ಗಂಟೆಯ ಬಿಸಿಲು. ಹೂವಿಗೆ ಓನರ್ ಗೊತ್ತಿಲ್ಲ, ವಿಮಾನ ಗೊತ್ತಿಲ್ಲ. ಸೆಖೆ ಹತ್ತಿದರೆ ಅರಳುವುದೊಂದೇ ಗೊತ್ತು.

ವ್ಯಾನಿನ ಡ್ರೈವರ್ ಬಾಗಿಲಲ್ಲಿ ಇಣುಕಿದ. "ಎನ್ನ ಸಾರ್, ಸೀಕ್ರಂ! ಫ್ಲೈಟ್ ಪೋಯಿಡುಂ!" ಅಂತ ತಮಿಳಿನಲ್ಲಿ ಅವಸರ ಮಾಡಿದವನು ಒಳಗಿನ ನೋಟ ಕಂಡು ಬಾಯಿ ತೆರೆದುಕೊಂಡು ನಿಂತ.

ಭೈರೇಶ ಬೈದ. ಮೇಜು ಗುದ್ದಿದ. ಒಬ್ಬೊಬ್ಬರ ಟೋಕನ್ ನಂಬರು ಕೂಗಿದ. ಮೂವತ್ತು ಜನರ ರೆಪ್ಪೆ ಬಿಡಿಸಲು ಅವನಿಗಿದ್ದದ್ದು ಎರಡೇ ಹೆಬ್ಬೆರಳು. ಕೊನೆಗೆ ಮೂಲೆಗೆ ಹೋಗಿ ಓನರಿಗೆ ಫೋನು ಮಾಡಿದ. ಈ ಸಲ ಆ ಕಡೆಯ ದನಿ ಇನ್ನೂ ಜೋರು. ಹೂ ಹೋಗಲಿ ಮೊದಲು! ವರ್ಷಕ್ಕೊಂದು ದಿನ ಕಣೋ ಇದು! ಆ ದರಿದ್ರ ಫೋನು ಅವಳ ಮುಖಕ್ಕೆ ಬಿಸಾಕು!

ಭೈರೇಶ ವಾಪಸ್ ಬಂದ. ಫೋನನ್ನು ಮೇಜಿನ ಮೇಲೆ ಹಾಕಿ, ದೂರದಿಂದ ಅವಳ ಕಡೆ ಜಾರಿಸಿದ.

"ಕೈಗೆ ಕೊಡು," ಅಂದಳು ಮುನಿಗಂಗಮ್ಮ. ಅಂಗೈ ಚಾಚಿದಳು. "ಕಿತ್ಕೊಳ್ಳೋವಾಗ ಕೈಯಿಂದ ತಾನೆ ಕಿತ್ಕೊಂಡಿದ್ದು. ಕೈಗೆ ಕೊಡು."

ಹೊರಗೆ ಹಾರ್ನ್. ಅವನು ಕೊಟ್ಟ. ಬೆರಳಿಗೆ ಬೆರಳು ತಗುಲಿತು. ಅವಳು ಅವನ ಎದುರಿಗೇ ನಾಲ್ಕು ಏಳು ನಾಲ್ಕು ಏಳು ಒತ್ತಿದಳು. ಅವನು ಅದನ್ನು ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ಅವನ ಕಿವಿ ಕೆಂಪಾಯಿತು.

ಬೇವಿನ ಮರದ ಕೆಳಗೆ ನಿಂತು ಅವಳು ಎರಡು ಫೋಟೋವನ್ನೂ ಕಳಿಸಿದಳು. ಗುಂಡಗೆ ತಿರುಗುವ ಗೆರೆ ನಿಲ್ಲುವವರೆಗೂ ಉಸಿರು ಬಿಡಲಿಲ್ಲ. ಹತ್ತು ನಿಮಿಷಕ್ಕೆ ಸಿಂಧು ಫೋನು ಮಾಡಿದಳು.

"ಡಾಕ್ಟ್ರು ಹೆಸರು ನೋಡಿದ್ರಮ್ಮ. ಅದಕ್ಕೆ ಬೇರೆ ಇಂಜೆಕ್ಷನ್ ಐತಂತೆ, ಹಾಕ್ತಾವ್ರೆ. ಆ ಫೋಟೋನ ಕೇಸ್ ಕಾಗ್ದಕ್ಕೂ ಸೇರಿಸ್ಕೊಂಡ್ರು."

"ಉಳೀತಾಳಾ?"

"ಸಾಯಂಕಾಲದವರ್ಗೂ ಹೇಳಕ್ಕಾಗಲ್ಲ ಅಂದ್ರು. ಆದ್ರೆ ಈಗ ಗೊತ್ತಿದ್ದು ಮಾಡ್ತಾವ್ರೆ ಕಣಮ್ಮ. ಇಷ್ಟೊತ್ತು ಕತ್ಲಲ್ಲಿ ತಡಕಾಡ್ತಿದ್ರು."

ಅವಳು ಮರಕ್ಕೆ ಒರಗಿ ಒಂದಷ್ಟು ಹೊತ್ತು ಅತ್ತಳು. ಅತ್ತು, ಮೂಗು ಸೀಟಿ, ಶೆಡ್ಡಿಗೆ ವಾಪಸ್ ಬಂದಳು. ಹೆಂಗಸರು ಕಣ್ಣು ಬಿಟ್ಟಿದ್ದರು, ಕತ್ತರಿ ಮುಟ್ಟಿರಲಿಲ್ಲ. ಅವಳ ಮುಖ ನೋಡುತ್ತಿದ್ದರು. "ಹೆಸರು ತಲುಪ್ತು," ಅಂದಳು.

ಭೈರೇಶ ಕಾಣಲಿಲ್ಲ. ಆಫೀಸ್ ಕೋಣೆಯ ಪಕ್ಕದ ನಲ್ಲಿಯಿಂದ ನೀರಿನ ಸದ್ದು ಬರುತ್ತಿತ್ತು. ಆ ನಲ್ಲಿಯ ಹತ್ತಿರ ಕಾಲೋನಿಯವರು ಹೋಗುವ ಹಾಗಿರಲಿಲ್ಲ. ಅವರಿಗೆ ಕೈ ತೊಳೆಯಲು ಸಿಮೆಂಟಿನ ತೊಟ್ಟಿ, ಸೋಪು ಎಂದೂ ಇಲ್ಲ. ಮುನಿಗಂಗಮ್ಮ ಅಲ್ಲಿಗೆ ನಡೆದಳು. ಅವನು ಮೊಣಕೈವರೆಗೆ ಸೋಪು ಹಚ್ಚಿ ಉಜ್ಜುತ್ತಿದ್ದ. ಬೆರಳು ಬೆರಳಿನ ನಡುವೆ ಉಜ್ಜುತ್ತಿದ್ದ. ಅವಳ ನೆರಳು ಬಿದ್ದಾಗ ಬೆಚ್ಚಿ ತಿರುಗಿದ.

"ಚೆನ್ನಾಗಿ ತೊಳ್ಕೊ ಸಾರ್," ಅಂದಳು ಅವಳು. "ಎರಡು ಸಲ ಸೋಪಾಕು. ನಮ್ ಕೈಯಿಂದ ನಿನ್ ಕೈಗೆ ಹತ್ತಿರೋದು ಜಾತಿ ಅಲ್ಲ. ನಿಮ್ ಔಷಧಿ."

ಅವನ ಕೈ ನಿಂತಿತು. ನೊರೆ ಮೊಣಕೈಯಿಂದ ಕೆಳಗೆ ತೊಟ್ಟಿಕ್ಕಿತು. ಒಂದು ಸಲ ತನ್ನ ಅಂಗೈ ನೋಡಿಕೊಂಡ. ಆಮೇಲೆ ಮತ್ತೆ, ಇನ್ನೂ ಜೋರಾಗಿ ಉಜ್ಜತೊಡಗಿದ. ಈ ಸಲ ಅದು ಮಡಿಗಾಗಿ ಅಲ್ಲ, ಹೆದರಿಕೆಯಿಂದ.

ಅವನು ಸೋಪು ಕೆಳಗಿಟ್ಟ ಕೂಡಲೆ ಮುನಿಗಂಗಮ್ಮ ಅದನ್ನು ತೆಗೆದುಕೊಂಡಳು. ಅವನ ಎದುರಿಗೇ, ಅದೇ ನಲ್ಲಿಯ ಕೆಳಗೆ, ಹತ್ತು ಬೆರಳನ್ನೂ ತೊಳೆದಳು. ಕಪ್ಪು ನೀರು ಹರಿಯಿತು. ತಿರುಗಿ ನೋಡಿದರೆ ಹಿಂದೆ ಭದ್ರಮ್ಮ ನಿಂತಿದ್ದಳು, ಅವಳ ಹಿಂದೆ ಇನ್ನೊಬ್ಬಳು, ಶೆಡ್ಡಿನ ಬಾಗಿಲವರೆಗೂ ಸಾಲು. ಸಾಲಿನ ನಡುವೆ, ಇಬ್ಬರು ಕಾಲೋನಿ ಹೆಂಗಸರ ಮಧ್ಯೆ, ಲಕ್ಷ್ಮಿದೇವಮ್ಮನೂ ಇದ್ದಳು. ಸೋಪು ಕೈಯಿಂದ ಕೈಗೆ ಹೋಯಿತು.

"ವ್ಯಾನು... ವ್ಯಾನು ಹೋಗ್ಬೇಕು," ಅಂದ ಭೈರೇಶ.

"ಕೈ ತೊಳ್ಕೊಂಡು ಬತ್ತೀವಿ," ಅಂದಳು ಮುನಿಗಂಗಮ್ಮ.

ಸಾಲಿನಲ್ಲಿ ಅರ್ಧ ಜನ ಮುಗಿಯುವ ಹೊತ್ತಿಗೆ ಸೋಪು ಸವೆದು ಚೂರಾಗಿತ್ತು. ಭದ್ರಮ್ಮ ಆ ಚೂರನ್ನು ಅಂಗೈಯಲ್ಲಿಟ್ಟು ಅವನಿಗೆ ತೋರಿಸಿದಳು.

"ಇನ್ನೊಂದು ತಕ್ಕೊಂಬಾ ಸಾರ್. ಇನ್ನೂ ಹದಿನೈದು ಜನ ಅವ್ರೆ."